ಆಚೆ ಗುಡ್ಡದ ಶಿಲುಬೆ

ನಮ್ಮ ಮನೆಯಲ್ಲಿ ಸತ್ತವರಿಗೂ ದೂರದಲ್ಲಿದ್ದವರಿಗೂ ಹೇಳುವ ಪ್ರಾರ್ಥನೆ ಒಂದೇ ಆಗಿತ್ತು, ನಿಲ್ಲುವ ದಿಕ್ಕು ಮಾತ್ರ ಬೇರೆ. ಸಂಜೆ ಏಳಕ್ಕೆ ಜಪಸರ ಶುರುವಾಗುತ್ತಿತ್ತು. ಅದು ಮುಗಿದ ಮೇಲೆ ಮೊಣಕಾಲೂರಿದಲ್ಲೇ ದೇವರ ಪೀಠಕ್ಕೆ ಮುಖ ಮಾಡಿ ಸತ್ತವರ ಹೆಸರು ಹೇಳುತ್ತಿದ್ದೆವು: ಅಜ್ಜ, ಅಜ್ಜಿ, ಹುಟ್ಟಿದ ವಾರಕ್ಕೇ ಹೋದ ನನ್ನ ಅಣ್ಣ. ಆಮೇಲೆ ಎಲ್ಲರೂ ಎದ್ದು, ತಿರುಗಿ, ಹೊಸ್ತಿಲಿನವರೆಗೆ ಬಂದು, ಹೊರಗಿನ ಕತ್ತಲೆಗೆ ಮುಖ ಮಾಡಿ ದೂರದಲ್ಲಿದ್ದವರಿಗಾಗಿ ಇನ್ನೊಂದು ಪ್ರಾರ್ಥನೆ. ಇದು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಕಲಿಸಿದ ಪದ್ಧತಿಯಲ್ಲ. ನನ್ನ ಅಜ್ಜಿ ತನ್ನ ಕಾಲದಲ್ಲಿ ಮಾಡಿಕೊಂಡದ್ದು, ಅಮ್ಮ ಬಿಡದೆ ನಡೆಸಿಕೊಂಡು ಬಂದದ್ದು. ಬೇರೆ ಯಾವ ಮನೆಯಲ್ಲೂ ನಾನು ಇದನ್ನು ಕಂಡಿಲ್ಲ. ನಮಗೆ ಮಾತ್ರ ಅದು ಎಷ್ಟು ರೂಢಿಯಾಗಿತ್ತೆಂದರೆ, ಯಾರದಾದರೂ ಸುದ್ದಿ ಬಂದಾಗ ಅಮ್ಮ ಕೇಳುತ್ತಿದ್ದದ್ದು 'ಪೀಠದ ಕಡೆಯಾ, ಬಾಗಿಲ ಕಡೆಯಾ' ಎಂದು.

ಮನೆ ಕಾಸರಗೋಡು ಕಡೆಯ ಪುತ್ತಿಗೆಯ ಒಂದು ಗುಡ್ಡದ ಇಳಿಜಾರಿನಲ್ಲಿತ್ತು. ಸುತ್ತ ಗೇರು ಮರಗಳು, ಕೆಳಗೆ ಗದ್ದೆ, ಗದ್ದೆ ದಾಟಿದರೆ ಸೀತಾಂಗೋಳಿ ಕಡೆಯ ಬೋಳು ಗುಡ್ಡ. ಕೆಂಪುಕಲ್ಲಿನ ಗೋಡೆಗೆ ಒಳಗಡೆ ಮಾತ್ರ ಸುಣ್ಣ. ಮುಂದೆ ಚಾವಡಿ, ಅದರ ಗೋಡೆಗೆ ದೇವರ ಪೀಠ, ಆಚೆ ಈಚೆ ಎರಡು ಕೋಣೆ, ಹಿಂದೆ ಅಡುಗೆಮನೆ, ಅದರ ಪಕ್ಕದಲ್ಲಿ ಗೇರುಬೀಜ ಗೋಣಿಯಲ್ಲಿ ತುಂಬಿಡುವ ಕಿಟಕಿಯಿಲ್ಲದ ಒಂದು ಉಗ್ರಾಣ. ನಾವು ನಾಲ್ಕು ಜನ. ಪಪ್ಪ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಮಲಯಾಳದಲ್ಲಿ ಬರುವ ಸರ್ಕ್ಯುಲರುಗಳನ್ನು ಮನೆಗೆ ತಂದು ನಿಧಾನವಾಗಿ ಅಕ್ಷರ ಕೂಡಿಸಿ ಓದುತ್ತಿದ್ದರು. ಅಮ್ಮ, ನಾನು, ಮತ್ತು ಅಮ್ಮನ ತಂಗಿ ಕಾರ್ಮಿನ್ ಮಾವ್ಶಿ. ಮನೆಯಲ್ಲಿ ನಾವು ಕೊಂಕಣಿ ಮಾತಾಡುವವರು. ಇಲ್ಲಿ ಎಲ್ಲರ ಮಾತನ್ನೂ ನಮ್ಮೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊಂಕಣಿಯಲ್ಲಿ ನಾನು ತಿಂದ ಬೈಗುಳ ಇದಕ್ಕಿಂತ ಖಾರವಾಗಿತ್ತೆಂದು ಓದುವವರು ತಿಳಿದುಕೊಂಡರೆ ಸಾಕು.

ಬಾಗಿಲ ಕಡೆಗೆ ಹೇಳುವ ಹೆಸರು ಒಂದೇ ಇತ್ತು: ಬಸ್ತಿ ಬಾಪ್ಪು, ಮಾವ್ಶಿಯ ಗಂಡ. ಮದುವೆಯಾದ ವರ್ಷವೇ ದುಬಾಯಿಗೆ ಹೋಗಿ ಸರಕಿನ ಹಡಗೊಂದರಲ್ಲಿ ಅಡುಗೆಯವನಾಗಿ ಸೇರಿದ್ದರು. ಎರಡು ವರ್ಷ ಕಾಗದ ಬಂತು. ಬೇರೆ ಹಡಗಿಗೆ ಹೋಗುತ್ತಿದ್ದೇನೆ, ಹೊಸ ವಿಳಾಸ ಆಮೇಲೆ ಬರೆಯುತ್ತೇನೆ ಎಂಬುದು ಕೊನೆಯ ಕಾಗದ. ಅದಾಗಿ ನಾಲ್ಕು ವರ್ಷ, ಒಂದು ಸಾಲು ಇಲ್ಲ. ಹಡಗು ಮುಳುಗಿತೋ, ಮನುಷ್ಯ ಇನ್ನೆಲ್ಲೋ ಸೇರಿಕೊಂಡನೋ, ಹೇಳುವವರು ಯಾರೂ ಸಿಗಲಿಲ್ಲ. ಮಾವ್ಶಿ ನಮ್ಮಲ್ಲೇ ಉಳಿದಳು. ಪೋಸ್ಟ್‌ಮ್ಯಾನ್ ಬರುವ ಹನ್ನೊಂದು ಗಂಟೆಗೆ ಅಂಗಳ ಬಿಟ್ಟು ಕದಲುತ್ತಿರಲಿಲ್ಲ. ಮದುವೆಗೆ ಹೋಗುತ್ತಿರಲಿಲ್ಲ, ಯಾರ ಮನೆಯಲ್ಲೂ ಒಂದು ರಾತ್ರಿ ಉಳಿಯುತ್ತಿರಲಿಲ್ಲ, ತಾನು ಇಲ್ಲದಾಗ ಅವರು ಬಂದರೆ ಎಂದು. ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂತು, ಗಂಜಿಯನ್ನು ಕೈಯಿಂದ ಕಲಸುತ್ತಲೇ ಇದ್ದು, ಅರ್ಧ ನಾಯಿಗೆ ಹಾಕುತ್ತಿದ್ದಳು. ನಾನು ಆಗ ಎಂಟನೇ ಕ್ಲಾಸು. ಇಬ್ಬರಿಗೂ ಒಂದೇ ಕೋಣೆ. ಎಚ್ಚರವಾದಾಗಲೆಲ್ಲ ಅವಳು ಚಾಪೆಯ ಮೇಲೆ ಎದ್ದು ಕೂತಿರುವುದು ಕಾಣುತ್ತಿತ್ತು.

ನವೆಂಬರ್ ನಮಗೆ ಸತ್ತವರ ತಿಂಗಳು. ಅವರವರ ಮನೆಯ ಸತ್ತವರ ಹೆಸರು ಚೀಟಿಯಲ್ಲಿ ಬರೆದು ಇಗರ್ಜಿಗೆ ಕೊಡಬೇಕು, ಪೂಜೆಯಲ್ಲಿ ಓದುತ್ತಾರೆ. ಆ ವರ್ಷ ಅಮ್ಮ ಮೂರು ಹೆಸರು ಬರೆದು, ಪೆನ್ನು ಕೆಳಗಿಡದೆ ಅಡುಗೆಮನೆಗೆ ಬಂದಳು.

"ನಾಲ್ಕು ವರ್ಷ ಆಯ್ತು ಕಾರ್ಮಿನ್. ಬರೆಯುವುದಾ?"

"ಸತ್ತದ್ದನ್ನು ಯಾರು ನೋಡಿದ್ದು?"

"ಬದುಕಿದ್ದನ್ನು ನೋಡಿದವರು ಯಾರುಂಟು, ಹೇಳು."

"ಹಾಗಾದ್ರೆ ನನ್ನ ಹೆಸರು ಬರಿ. ನನ್ನನ್ನು ನೋಡಿದವರು ಬೇಕಷ್ಟು ಜನ ಉಂಟಲ್ಲ."

ಮಾವ್ಶಿಯ ಕೈಯಲ್ಲಿದ್ದ ಸೌಟು ಹಾರಿ ಗೋಡೆಗೆ ಬಡಿಯಿತು. ಮೀನಿನ ಸಾರಿನ ಕಲೆ ಸುಣ್ಣದ ಮೇಲೆ ಕ್ರಿಸ್ಮಸ್‌ವರೆಗೂ ಇತ್ತು. ಅಮ್ಮ ಮೂರೇ ಹೆಸರಿನ ಚೀಟಿ ಕೊಟ್ಟು ಬಂದಳು. ಎರಡು ವಾರ ಅಕ್ಕ ತಂಗಿ ಮಾತು ಬಿಟ್ಟರು. ಉಪ್ಪು ಬೇಕಾದರೂ ನನ್ನ ಮೂಲಕ ಕೇಳುತ್ತಿದ್ದರು.

ಆ ಬೋಳು ಗುಡ್ಡದಲ್ಲಿ ದೀಪ ಕಾಣಿಸಿಕೊಂಡದ್ದೂ ಅದೇ ತಿಂಗಳು. ಅದುವರೆಗೆ ಸಂಜೆಯಾದ ಮೇಲೆ ಆಚೆ ಕಡೆ ಏನೂ ಇರುತ್ತಿರಲಿಲ್ಲ. ಗುಡ್ಡ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ಗೊತ್ತಾಗದಷ್ಟು ಕಪ್ಪು. ಒಂದು ದಿನ ಜಪಸರದ ನಡುವೆ ಅಲ್ಲೊಂದು ಕೆಂಪು ಚುಕ್ಕೆ ಹುಟ್ಟಿತು. ಕೆಂಡದ ಹಾಗೆ ಮಂಕಾಗಿ ಸ್ವಲ್ಪ ಹೊತ್ತು ಇದ್ದು, ನಿಧಾನವಾಗಿ ಹಳದಿಗೆ ತಿರುಗಿ, ನಾವು ಯಾವತ್ತೂ ಕಾಣದ ಒಂದು ದಪ್ಪ ಹಳದಿಯಾಗಿ ನಿಂತಿತು. ಯಾರೋ ಶೆಡ್ಡು ಕಟ್ಟಿಸುತ್ತಿದ್ದಾರೆ, ಗೇಟಿನ ದೀಪ ಅದು ಎಂದು ಪಪ್ಪ ಹೇಳಿದರು. ಆದರೆ ಆ ಗುಡ್ಡದಲ್ಲಿ ಮನುಷ್ಯರು ಓಡಾಡುವುದು ಯಾರಿಗೂ ಕಾಣುತ್ತಿರಲಿಲ್ಲ. ಕಂಬವೂ ಕಾಣದು. ಹಚ್ಚಿದವರಿಲ್ಲದೆ ದಿನಾ ಅದೇ ಹೊತ್ತಿಗೆ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಕರೆಂಟು ಕುಗ್ಗಿದರೆ ಆರಿಹೋಗಿ, ಕರೆಂಟು ಸರಿಯಾದರೂ ಕೂಡಲೇ ಬಾರದೆ, ನಾವು ಮರೆತಿರುವಾಗ ಮತ್ತೆ ಆ ಕೆಂಪಿನಿಂದ ಶುರು. ನನಗೆ ಅದನ್ನು ನೋಡಲೂ ಹೆದರಿಕೆ, ನೋಡದಿರಲೂ ಹೆದರಿಕೆ. ಅಂಗಳದಾಚೆಯ ಬಚ್ಚಲಿಗೆ ಹೋಗುವಾಗ ಬೆನ್ನ ಮೇಲೆ ಆ ಹಳದಿ ಇದೆಯೆಂದು ಗೊತ್ತಾಗುತ್ತಿತ್ತು.

ಮಾವ್ಶಿ ಜಪಸರಕ್ಕೆ ತಲೆಗೆ ಹಾಕಿಕೊಳ್ಳುತ್ತಿದ್ದದ್ದು ಬಾಪ್ಪು ಕಳಿಸಿದ ಫಾರಿನ್ ಬಟ್ಟೆಯ ಮುಸುಕು. ಹೊಗೆಬಣ್ಣದ ನೈಲಾನು, ಇಡೀ ಬಟ್ಟೆ ಒಂದು ಮುಷ್ಟಿಯೊಳಗೆ ಅಡಗುವಷ್ಟು ತೆಳು. ಬಾಗಿಲ ಕಡೆಯ ಪ್ರಾರ್ಥನೆಗೆ ನಿಂತಾಗ ಅವಳಿಗೆ ಅಳು ಬರುತ್ತಿತ್ತು. ಅದು ನಮಗೆ ಕಾಣಬಾರದೆಂದು ಮುಸುಕನ್ನು ಗಲ್ಲದವರೆಗೂ ಎಳೆದುಕೊಳ್ಳುತ್ತಿದ್ದಳು. ಡಿಸೆಂಬರಿನ ಒಂದು ಸಂಜೆ ಹಾಗೆ ನಿಂತವಳು ಪ್ರಾರ್ಥನೆಯ ನಡುವೆಯೇ ಮಾತು ನಿಲ್ಲಿಸಿದಳು. ಎರಡು ವಾರದಿಂದ ಮಾತಾಡದ ಅಕ್ಕನನ್ನು ಕರೆದಳು.

"ಅಕ್ಕಾ. ಅಲ್ಲಿ ಎಂತ ಉಂಟು ನೋಡು."

"ಎಲ್ಲಿ?"

"ದೀಪದಲ್ಲಿ. ಶಿಲುಬೆ."

ಅಮ್ಮನಿಗೆ ದೀಪ ಮಾತ್ರ ಕಂಡಿತು. ನನಗೂ ಅಷ್ಟೇ. ಮಾವ್ಶಿ ನನ್ನ ಕುತ್ತಿಗೆಗೆ ಕೈ ಹಾಕಿ ಹತ್ತಿರ ಎಳೆದು, ಮುಸುಕಿನ ಒಳಗೆ ಸೇರಿಸಿಕೊಂಡು, ಕೆನ್ನೆಗೆ ಕೆನ್ನೆ ತಾಗಿಸಿ, "ಈಗ ಪ್ರಾರ್ಥನೆ ಹೇಳು, ಹೇಳ್ತಾ ನೋಡು" ಎಂದಳು. ಹೇಳುತ್ತಾ ನೋಡಿದೆ. ದೀಪದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಳದಿ ಚುಕ್ಕೆಗಳು ಜಪಸರದ ಮಣಿಗಳ ಹಾಗೆ ಸಾಲಾಗಿ ನಿಂತು, ಗುಡ್ಡದ ಮೇಲೆ ತೆಂಗಿನ ಮರದಷ್ಟು ಎತ್ತರದ ಒಂದು ಶಿಲುಬೆ. ಅದು ಅಲುಗಾಡಲಿಲ್ಲ. ನನ್ನ ಬಾಯಿಯಲ್ಲಿ ಪ್ರಾರ್ಥನೆ ಒಣಗಿತು. 'ಆಮೆನ್' ಎಂದು ಅವಳು ಮುಸುಕು ಎತ್ತಿದಳು. ಗುಡ್ಡದಲ್ಲಿ ಬರಿಯ ದೀಪ.

ಈಗ ಯೋಚಿಸಿದರೆ ನಗು ಬರಬೇಕು, ಬರುವುದಿಲ್ಲ. ಬೇರೆ ಯಾರೇ ಆಗಿದ್ದರೂ ಮುಸುಕು ಹಾಕಿದರೆ ಕಾಣುತ್ತದೆ, ತೆಗೆದರೆ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಮುಸುಕು ಹಾಕುವುದೆಂದರೆ ಪ್ರಾರ್ಥನೆ, ತೆಗೆಯುವುದೆಂದರೆ ಪ್ರಾರ್ಥನೆ ಮುಗಿಯಿತು ಎಂದು. ಹಾಗಾಗಿ ಪ್ರಾರ್ಥನೆ ಮಾಡುವಾಗ ಶಿಲುಬೆ ಬರುತ್ತದೆ, ಮುಗಿದರೆ ಹೋಗುತ್ತದೆ ಎಂದೇ ಮೂವರು ಹೆಂಗಸರೂ ತಿಳಿದೆವು. ಅಮ್ಮನೇನೂ ಪೆದ್ದಿಯಲ್ಲ. ಮರುದಿನ ತಾನೂ ಆ ಮುಸುಕು ಹೊದ್ದು ನೋಡಿ, ಶಿಲುಬೆ ಕಂಡು, ಮುಖ ಬಿಳಿಚಿಕೊಂಡರೂ ಒಂದು ಪರೀಕ್ಷೆ ಮಾಡಿಯೇಬಿಟ್ಟಳು. ಅದೇ ಮುಸುಕಿನಲ್ಲಿ ಹಿಂದೆ ತಿರುಗಿ ಪೀಠದ ಮೇಲಿನ ಮೇಣದಬತ್ತಿಯನ್ನು ನೋಡಿದಳು. ಅಲ್ಲಿ ಜ್ವಾಲೆ ಬಿಟ್ಟರೆ ಏನೂ ಇಲ್ಲ. ಪ್ರಾರ್ಥನೆ ಹೇಳುತ್ತಾ ನೋಡಿದಳು, ಆಗಲೂ ಇಲ್ಲ.

"ಬಟ್ಟೆಯದ್ದೇ ಆದ್ರೆ ಮೇಣದಬತ್ತಿಗೂ ಬರ್ಬೇಕಿತ್ತಲ್ಲ? ಇದು ಬಟ್ಟೆಯದ್ದಲ್ಲ."

ಪಪ್ಪನನ್ನೂ ಕರೆದು ನೋಡಿಸಿದರು. ಅವರು ಬಗ್ಗಿ ಮುಸುಕಿನೊಳಗೆ ತಲೆ ಹಾಕಿ, ಒಂದು ಕ್ಷಣ ನಿಂತು, ಹೊರಗೆ ಬಂದು ಕನ್ನಡಕ ಒರೆಸಿಕೊಂಡರು. "ಕಂಡಿತು" ಎಂದಷ್ಟೇ ಹೇಳಿದರು. ಮಾವ್ಶಿ ಹೊಸ್ತಿಲಿನ ಮೇಲೆಯೇ ಕೂತಳು. ಯಾರೂ ಅವಳಿಗೆ ಏನನ್ನೂ ಹೇಳಿಕೊಡಲಿಲ್ಲ, ಅವಳೇ ಹೇಳಿದಳು.

"ನೀರಿಗೆ ಹಾಕಿದ್ದಾರೆ ಅವರನ್ನು. ಮಣ್ಣು ಸಿಕ್ಕಿಲ್ಲ, ಶಿಲುಬೆ ನೆಡ್ಲಿಕ್ಕೆ ಜಾಗ ಇಲ್ಲ. ಅದಕ್ಕೇ ಇಲ್ಲಿಯವರೆಗೆ ಹುಡುಕಿಕೊಂಡು ಬಂದದ್ದು."

ಆಮೇಲೆ ಅತ್ತಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಮುಸುಕು ಇಲ್ಲದೆ, ಬಾಯಿ ಬಿಟ್ಟು, ಗದ್ದೆಯವರೆಗೆ ಕೇಳುವ ಹಾಗೆ ಅತ್ತಳು. ಅಮ್ಮ ತಂಗಿಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಆ ಸಂಜೆ ಬಾಪ್ಪುವಿನ ಹೆಸರು ಬಾಗಿಲ ಕಡೆಯಿಂದ ಪೀಠದ ಕಡೆಗೆ ಬಂತು. ಸತ್ತ ದಿನ ಯಾವುದೆಂದು ಗೊತ್ತಿಲ್ಲದ್ದರಿಂದ ಶಿಲುಬೆ ಕಂಡ ದಿನದಿಂದಲೇ ಎಣಿಸಿ ಏಳನೇ ದಿನಕ್ಕೆ ಪೂಜೆ ಮಾಡಿಸಿದರು. ಹೆಣವಿಲ್ಲದ, ಪೆಟ್ಟಿಗೆಯಿಲ್ಲದ ಸಾವಿಗೆ ನೆರೆಕರೆಯವರು ಬಂದು ಕೂತು, ಕಾಫಿ ಕುಡಿದು, ಆಚೆ ಗುಡ್ಡದ ಕಡೆ ನೋಡುತ್ತಿದ್ದರು.

ಹೇಳಲೇಬೇಕಾದದ್ದು ಇನ್ನೊಂದು ಇದೆ. ಆಮೇಲಿನ ಮೂರು ತಿಂಗಳು ನಮ್ಮ ಮನೆ ಸುಖವಾಗಿತ್ತು. ಮಾವ್ಶಿ ಕಪ್ಪು ಸೀರೆ ಉಟ್ಟಳು, ಆದರೆ ಮಲಗಿದರೆ ಬೆಳಿಗ್ಗೆಯವರೆಗೆ ನಿದ್ದೆ. ನಮ್ಮ ಜೊತೆಗೇ ಕೂತು ಊಟ, ಎರಡನೇ ಸಲ ಬಡಿಸಿಕೊಳ್ಳುವಳು. ಸೀತಾಂಗೋಳಿಯಲ್ಲಿ ಟೈಲರಿಂಗ್ ಕ್ಲಾಸಿಗೆ ಸೇರಿ, ಹನ್ನೊಂದು ಗಂಟೆಗೆ ಅಂಗಳದಲ್ಲಿ ಇರಬೇಕಾದವಳು ಬಸ್ಸಿನಲ್ಲಿ ಹೋಗತೊಡಗಿದಳು. ನನಗೆ ಒಂದು ಫ್ರಾಕು ಹೊಲಿದಳು. ಒಂದು ತೋಳು ಉದ್ದ, ಒಂದು ಗಿಡ್ಡ. ಅದನ್ನು ಹಾಕಿಕೊಂಡು ನಿಂತಾಗ ಅವಳು ನಕ್ಕದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವಳು ನಗುವವಳು ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗ.

ಆದರೆ ಸಂಜೆಯ ಹೊತ್ತು ಬೇರೆ. ಜಪಸರ ಮುಗಿದು ನಾವು ಒಳಗೆ ಹೋದ ಮೇಲೂ ಅವಳು ಮುಸುಕು ಎಳೆದುಕೊಂಡು ಬಾಗಿಲಲ್ಲಿ ನಿಂತು ಆ ಶಿಲುಬೆಯ ಜೊತೆ ಮಾತಾಡುತ್ತಿದ್ದಳು. ದೊಡ್ಡ ಮಾತೇನಲ್ಲ. ಇವತ್ತು ಬಂಗುಡೆ ಒಳ್ಳೇದಿತ್ತು, ಕ್ಲಾಸಿನಲ್ಲಿ ಕಾಲರ್ ಕಲಿಸಿದರು, ಹೀಗೆ. ನಡುನಡುವೆ ನಿಲ್ಲಿಸುತ್ತಿದ್ದಳು, ಆ ಕಡೆಯ ಮಾತಿಗೆ ಜಾಗ ಬಿಟ್ಟ ಹಾಗೆ. ಕರೆಂಟು ಕುಗ್ಗಿ ದೀಪ ಆರಿದರೆ ಅಲ್ಲಿಯೇ ಕಾದು, ಅದು ಮತ್ತೆ ಕೆಂಪಾಗಿ ಹುಟ್ಟಿದಾಗ "ಇವತ್ತು ಕೋಪ ಉಂಟು ಅವರಿಗೆ" ಎಂದು ಅಡುಗೆಮನೆಗೆ ಬಂದು ಹೇಳುತ್ತಿದ್ದಳು. ಹೇಳುವಾಗ ಅವಳ ಮುಖದಲ್ಲಿ ಹೆದರಿಕೆ ಇರುತ್ತಿರಲಿಲ್ಲ. ಹೆದರಿಕೆಯೆಲ್ಲ ನನಗೆ.

ಒಂದು ಸಂಜೆ ಅವಳು ಮುಸುಕನ್ನು ಜಗಲಿಯ ಕಂಬಕ್ಕೆ ಹಾಕಿ ಮರೆತಿದ್ದಳು. ತರಲು ನನ್ನನ್ನು ಕಳಿಸಿದರು. ತೆಗೆದವಳು ಯಾಕೋ ತಡೆಯಲಾರದೆ ಮುಖಕ್ಕೆ ಹಿಡಿದೆ. ಪ್ರಾರ್ಥನೆ ಹೇಳಲಿಲ್ಲ, ಹೇಳದಿದ್ದರೂ ಶಿಲುಬೆ ಇತ್ತು. ಹೆದರಿ ಮುಸುಕಿನ ಸಮೇತ ತಲೆ ವಾಲಿಸಿದೆ. ಗುಡ್ಡದ ಮೇಲಿನ ಶಿಲುಬೆಯೂ ವಾಲಿತು. ಈ ಕಡೆ ವಾಲಿಸಿದೆ, ಅದೂ ಈ ಕಡೆ. ಅದು ನನ್ನನ್ನು ಗುರುತು ಹಿಡಿದಿದೆ, ನಾನು ಮಾಡಿದಂತೆ ಮಾಡುತ್ತಿದೆ ಎಂದುಕೊಂಡು ಓಡಿಬಂದು, ಪೇಪರು ತಿದ್ದುತ್ತಿದ್ದ ಪಪ್ಪನ ಮೇಜಿನ ಕೆಳಗೆ ನುಗ್ಗಿದೆ. ಅವರು ಕೇಳಿದರು, ನಾನು ಹೇಳಿದೆ. ಪಪ್ಪ ಚಾವಡಿಯ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮುಸುಕು ಮತ್ತು ಒಂದು ಮೇಣದಬತ್ತಿ ಹಿಡಿದು ನನ್ನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋದರು.

ಗೇರುಬೀಜದ ಗೋಣಿಗಳ ಮೇಲೆ ಮೇಣದಬತ್ತಿ ಹಚ್ಚಿಟ್ಟು, ಈಚೆ ಗೋಡೆಗೆ ಒರಗಿ ಮುಸುಕಿನಲ್ಲಿ ನೋಡಲು ಹೇಳಿದರು. ಅಮ್ಮನಿಗೆ ಕಂಡಷ್ಟೇ ನನಗೂ ಕಂಡಿತು, ಬರಿಯ ಜ್ವಾಲೆ. ಆಮೇಲೆ ಡಬ್ಬಿಯೊಂದರ ತಗಡಿನ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ಜ್ವಾಲೆಗೆ ಅಡ್ಡ ಹಿಡಿದರು. ಉಗ್ರಾಣ ಕತ್ತಲಾಯಿತು. ತೂತಿನಲ್ಲಿ ಬೆಳಕಿನ ಒಂದು ಚುಕ್ಕೆ ಉಳಿಯಿತು, ಅದರ ಸುತ್ತ, ನಮ್ಮದೇ ಮನೆಯೊಳಗೆ, ಗೋಣಿಗಳ ನಡುವೆ, ಒಂದು ಸಣ್ಣ ಶಿಲುಬೆ. ನಾನು ಪಪ್ಪನ ಅಂಗಿ ಹಿಡಿದುಕೊಂಡೆ.

"ಹೆದರ್ಬೇಡ ಬಾಯೆ. ಬಟ್ಟೆಯನ್ನು ತಿರುಗಿಸು. ತಲೆ ಅಲ್ಲ, ಬಟ್ಟೆ."

ತಿರುಗಿಸಿದೆ. ಶಿಲುಬೆ ಬಟ್ಟೆಯ ಜೊತೆ ತಿರುಗಿ ಗುಣಾಕಾರದ ಗುರುತಾಯಿತು.

"ನೂಲು ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಅಷ್ಟೇ ಶಿಲುಬೆ."

"ಮತ್ತೆ ಬರೀ ಮೇಣದಬತ್ತಿಗೆ ಯಾಕೆ ಬರುವುದಿಲ್ಲ?"

ಪಪ್ಪನ ಮುಖ ಆ ಕತ್ತಲೆಯಲ್ಲಿ ನನಗೆ ಕಾಣಲಿಲ್ಲ. ಆದರೆ ಸ್ವರ ಬದಲಾದದ್ದು ಗೊತ್ತಾಯಿತು. ಕ್ಲಾಸಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳಿದ್ದೆ. ಪಾಪ, ಮಾಸ್ಟ್ರಿಗೆ ಅದಕ್ಕಿಂತ ದೊಡ್ಡ ಆಸೆ ಯಾವುದು?

"ಜ್ವಾಲೆ ಅಂದ್ರೆ ಒಂದು ದೀಪ ಅಲ್ಲ. ಲಕ್ಷಗಟ್ಟಲೆ ಸಣ್ಣ ಸಣ್ಣ ದೀಪ. ಒಂದೊಂದೂ ತನ್ನ ಮನಸ್ಸಿಗೆ ಬಂದ ಹಾಗೆ ಬೆಳಕು ಬಿಡ್ತದೆ, ಒಂದಕ್ಕೊಂದು ತಾಳ ಇಲ್ಲ. ಇಗರ್ಜಿಯಲ್ಲಿ ಜನ ಎಲ್ಲ ಅವರವರ ವೇಗದಲ್ಲಿ ಪ್ರಾರ್ಥನೆ ಹೇಳಿದ್ರೆ ಎಂತ ಕೇಳ್ತದೆ? ಗುಂಯ್ ಅಂತ ಗದ್ದಲ. ಹಾಗೆ ಒಂದೊಂದು ದೀಪವೂ ಒಂದೊಂದು ಶಿಲುಬೆ ಮಾಡ್ತದೆ, ಆದ್ರೆ ಆಚೆ ಈಚೆ. ಎಲ್ಲ ಒಂದರ ಮೇಲೆ ಒಂದು ಬಿದ್ದು ಅಳಿಸಿಹೋಗ್ತದೆ. ಒಂದೇ ತೂತಿನಿಂದ ಬಂದ ಬೆಳಕು ಹಾಗಲ್ಲ. ಬಟ್ಟೆಯ ಸಾವಿರ ಸಂದಿಯಲ್ಲಿ ನುಗ್ಗಿ ಬಂದ್ರೂ ಅದಕ್ಕೆ ಹೆಜ್ಜೆ ತಪ್ಪುವುದಿಲ್ಲ. ಕೆಲವು ಕಡೆ ಸೇರಿ ಹೆಚ್ಚಾಗ್ತದೆ, ಅದು ಚುಕ್ಕೆ. ಕೆಲವು ಕಡೆ ಸೇರಿ ಇಲ್ಲವಾಗ್ತದೆ, ಅದು ನಡುವಿನ ಕತ್ತಲೆ."

"ಬೆಳಕಿಗೆ ಬೆಳಕು ಸೇರಿ ಕತ್ತಲೆ ಆಗ್ತದಾ?"

"ಆಗ್ತದೆ. ಒಂದೇ ಜಾಗದಿಂದ ಹೊರಟದ್ದಾದ್ರೆ. ಅಂಥದ್ದಕ್ಕೆ ಸಂಸಕ್ತ ಆಕರ ಅಂತ ಹೇಳ್ತಾರೆ, ನೀನು ಮುಂದೆ ಪ್ರಿ-ಡಿಗ್ರಿಯಲ್ಲಿ ಓದ್ತಿ. ತಾಳ ಇಲ್ಲದ್ದು ಅಸಂಸಕ್ತ."

"ಆಚೆ ಗುಡ್ಡದ ದೀಪಕ್ಕೆ ತೂತು ಮಾಡಿದ್ದು ಯಾರು?"

"ಯಾರೂ ಇಲ್ಲ. ಅದು ದೂರ ಉಂಟು, ಅಷ್ಟೇ. ಎಷ್ಟು ದೊಡ್ಡ ದೀಪ ಆದ್ರೂ ದೂರ ಹೋದ್ರೆ ಚುಕ್ಕೆ."

ನನ್ನ ಹೆದರಿಕೆ ಎಲ್ಲಿ ಹೋಯಿತೋ. ಇಷ್ಟು ದಿನ ಬೆನ್ನ ಮೇಲೆ ಕೂತಿದ್ದದ್ದನ್ನು ಡಬ್ಬಿಯ ಮುಚ್ಚಳದಲ್ಲಿ ಹಿಡಿದಿಟ್ಟ ಹೆಮ್ಮೆ. ಮಾವ್ಶಿಗೆ ಹೇಳುವಾ ಎಂದು ಬಾಗಿಲಿಗೆ ಹಾರಿದೆ. ಪಪ್ಪ ರಟ್ಟೆ ಹಿಡಿದರು.

"ಬೇಡ."

"ಮತ್ತೆ ಸುಳ್ಳಲ್ವಾ ಅದು?"

"ಸುಳ್ಳು ಯಾರೂ ಹೇಳಿಲ್ಲ. ಅವಳಿಗೆ ಈಗ ನಿದ್ದೆ ಬರ್ತದೆ. ನೀನು ಮಾತು ಕೊಡು."

ಕೊಟ್ಟೆ. ಕೊಟ್ಟ ಮಾತನ್ನು ಐದು ವಾರ ಉಳಿಸಿಕೊಂಡೆ. ಹದಿಮೂರರ ಹುಡುಗಿಗೆ, ಅದರಲ್ಲೂ ನನ್ನಂಥ ಬಾಯಿಬಡುಕಿಗೆ, ಅದು ಕಡಿಮೆಯಲ್ಲ. ಸಂಜೆ ಮಾವ್ಶಿ ಬಾಗಿಲಲ್ಲಿ ನಿಂತು ಮಾತಾಡುವಾಗ ನಾನು ಒಳಗಿನಿಂದ ಅವಳನ್ನು ನೋಡುತ್ತಿದ್ದೆ. ಅವಳು ಮಾತಾಡುತ್ತಿದ್ದದ್ದು ನೈಲಾನು ನೂಲಿನ ಜೊತೆ ಎಂದು ಈ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಆ ಗೊತ್ತಿರುವಿಕೆ ಹಿಂದಿನ ಹೆದರಿಕೆಗಿಂತ ಕೆಟ್ಟದಾಗಿತ್ತು. ಅವಳು ಮಾತು ನಿಲ್ಲಿಸಿ ಕಾಯುವಾಗ ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಪಪ್ಪನಿಗೆ ಕಾಸರಗೋಡಿನಲ್ಲಿ ಡ್ಯೂಟಿ. ಐದು ಗಂಟೆಗೆ ಮನೆಗೆ ಬರುವವರು ಆ ದಿನ ಏಳಾದರೂ ಬರಲಿಲ್ಲ. ಅವರಿಲ್ಲದೆಯೇ ಜಪಸರ ಮುಗಿಸಿದೆವು. ಪೀಠದ ಕಡೆಯ ಹೆಸರುಗಳಾದವು. ಪಪ್ಪ ದಾರಿಯಲ್ಲಿದ್ದಾರೆಂದು ಅವರಿಗಾಗಿ ಬಾಗಿಲ ಕಡೆಯ ಪ್ರಾರ್ಥನೆ ಹೇಳಲು ಅಮ್ಮ ಎದ್ದಳು. ಮುಂದೆ ನಡೆದ ಮಾವ್ಶಿ ಮುಸುಕು ಎಳೆದುಕೊಂಡು ಹೊರಗೆ ನೋಡಿದವಳು ಎರಡು ಹೆಜ್ಜೆ ಹಿಂದೆ ಬಂದಳು.

"ಅಕ್ಕಾ, ಎರಡು ಉಂಟು."

"ಎಂತ ಎರಡು?"

"ಶಿಲುಬೆ ಎರಡು. ಇನ್ನೊಂದು ಯಾರದ್ದು?"

ಅಮ್ಮ ಮುಸುಕು ಕಿತ್ತುಕೊಂಡು ಮುಖಕ್ಕೆ ಹಿಡಿದಳು. ಗುಡ್ಡದ ಮೇಲೆ ಒಂದರ ಪಕ್ಕ ಒಂದು, ಒಂದೇ ಎತ್ತರ. ಹಿಂದಿನ ದಿನ ಒಂದೇ ಇದ್ದದ್ದು. ಅಮ್ಮನ ಬಾಯಿಯಿಂದ ಪಪ್ಪನ ಹೆಸರು ಬಂತು. ಗಂಡನ ಹೆಸರನ್ನು ಅವಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಅವಳು ಚಾವಡಿಯ ನಡುವೆ ನಿಂತು, ಪೀಠದ ಕಡೆ ಒಂದು ಹೆಜ್ಜೆ ಇಟ್ಟು, ಅಯ್ಯೋ ಎಂದು ಬಾಗಿಲ ಕಡೆ ತಿರುಗಿ, ಮತ್ತೆ ಪೀಠದ ಕಡೆ ತಿರುಗಿ, ಗಂಡನನ್ನು ಯಾವ ಕಡೆಗೆ ನಿಂತು ಕರೆಯಬೇಕೆಂದು ಗೊತ್ತಾಗದೆ ಸುತ್ತತೊಡಗಿದಳು. ಮಾವ್ಶಿ ಗೋಡೆಗೆ ಒರಗಿ ನಿಂತು ಅವಳನ್ನೇ ನೋಡುತ್ತಿದ್ದಳು. ನನಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಎರಡು ದೀಪ ಹಾಕಿದ್ದಾರೆ, ಅಷ್ಟೇ! ದೀಪ ಎರಡಾದ್ರೆ ಶಿಲುಬೆಯೂ ಎರಡು. ಪಪ್ಪನಿಗೆ ಎಂತದೂ ಆಗಿಲ್ಲ. ಅದು ಬಟ್ಟೆಯ ನೂಲು!"

ಮುಸುಕನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಅವಳ ಕಣ್ಣಿನ ಮುಂದೆ ಹಿಡಿದು ತಿರುಗಿಸಿದೆ. ಪ್ರಾರ್ಥನೆ ಹೇಳಬೇಡ, ಸುಮ್ಮನೆ ನೋಡು ಎಂದೆ. ಎರಡು ಶಿಲುಬೆಗಳೂ ಒಟ್ಟಿಗೆ ವಾಲಿದವು. ಡಬ್ಬಿಯ ಮುಚ್ಚಳ ತಂದೆ, ಪೀಠದ ಮೇಣದಬತ್ತಿಗೆ ಅಡ್ಡ ಹಿಡಿದೆ, ಅಲ್ಲೂ ತೋರಿಸಿದೆ. ಕಲಿತದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಮ್ಮ ನೋಡಿದಳು, ಮತ್ತೆ ನೋಡಿದಳು, ಆಮೇಲೆ ನೆಲದ ಮೇಲೆ ಕೂತು ನಗತೊಡಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಗು ಮಾತ್ರ ನಿಲ್ಲಲಿಲ್ಲ. "ನೂಲಾ? ನೂಲಂತೆ ಕಾರ್ಮಿನ್, ಬರೀ ನೂಲು ಮಾರಾಯ್ತಿ" ಎಂದು ತಂಗಿಯ ಸೀರೆ ಹಿಡಿದು ಎಳೆದಳು.

ಮಾವ್ಶಿ ನಗಲಿಲ್ಲ. ಮುಸುಕು ತೆಗೆದುಕೊಂಡು ಬಾಗಿಲಿಗೆ ಹೋದಳು. ತಿರುಗಿಸಿದಳು. ನೆಟ್ಟಗೆ ಮಾಡಿದಳು. ಮತ್ತೆ ತಿರುಗಿಸಿದಳು. ಎಷ್ಟು ಹೊತ್ತು ಹಾಗೆ ನಿಂತಳೋ, ಅಮ್ಮನ ನಗು ಅಷ್ಟರಲ್ಲಿ ನಿಂತಿತ್ತು. ಮುಸುಕನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ, ನನ್ನ ಹತ್ತಿರ ಬಂದು, ಮಗುವಿನ ಹತ್ತಿರ ದಾರಿ ಕೇಳುವವಳ ಹಾಗೆ ಬಗ್ಗಿ ಕೇಳಿದಳು.

"ಹಾಗಾದ್ರೆ ಅವರು?"

ನನಗೆ ಸಂಸಕ್ತ ಗೊತ್ತಿತ್ತು, ಅಸಂಸಕ್ತ ಗೊತ್ತಿತ್ತು. ಇದಕ್ಕೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಬೇರೆಯವರ ಮಕ್ಕಳಿಗಾಗಿ ಆ ಗುಡ್ಡದಲ್ಲಿದ್ದಂಥದ್ದೇ ಸೋಡಿಯಂ ದೀಪ ಹಚ್ಚಿಕೊಡುವ ಕೆಲಸದಲ್ಲಿ ನನ್ನ ಇಷ್ಟು ವರ್ಷ ಕಳೆದಿದೆ. ಆ ದೀಪ ಕೆಂಪಾಗಿ ಹೊತ್ತಿ ಹಳದಿಗೆ ತಿರುಗುವವರೆಗೆ ನಾನು ಯಾರ ಮುಖವನ್ನೂ ನೋಡುವುದಿಲ್ಲ. ಮುಂದಿನ ಭಾನುವಾರವೇ ಮಾವ್ಶಿ ಫಾದರ್ ಹತ್ತಿರ ಹೋಗಿ, ಸತ್ತವರ ಪಟ್ಟಿಯಿಂದ ಗಂಡನ ಹೆಸರು ತೆಗೆಯಿರಿ ಎಂದು ಹೇಳಿ ಬಂದಳು. ಟೈಲರಿಂಗ್ ಕ್ಲಾಸು ಬಿಟ್ಟಳು, ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅಲ್ಲಿರಲು ಆಗುವುದಿಲ್ಲವಲ್ಲ. ಬಾಪ್ಪುವಿನ ಸುದ್ದಿ ಆಮೇಲೂ ಬರಲಿಲ್ಲ. ನನ್ನನ್ನು ಅವಳು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ.

ಆ ಸಂಜೆ ಪಪ್ಪ ಮನೆಗೆ ಬಂದಾಗ ಎಂಟಾಗಿತ್ತು. ಬಸ್ಸು ಕೆಟ್ಟು ಸೀತಾಂಗೋಳಿಯಿಂದ ನಡೆದೇ ಬಂದಿದ್ದರು, ಪ್ಯಾಂಟಿಗೆ ಮೊಣಕಾಲವರೆಗೆ ಕೆಂಪು ಧೂಳು. ಚಾವಡಿಗೆ ಕಾಲಿಟ್ಟವರು ನೆಲದ ಮೇಲೆ ಕೂತ ಅಮ್ಮನನ್ನು, ನನ್ನ ಕೈಯಲ್ಲಿದ್ದ ಮುಚ್ಚಳವನ್ನು ನೋಡಿದರು. ಕೊಡೆಯನ್ನು ಮೂಲೆಗೆ ಒರಗಿಸಿದರು. ಮಾವ್ಶಿ ಮಡಚಿದ ಮುಸುಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರ ಎದುರು ಬಂದು ನಿಂತಳು.

"ಭಾವ, ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿನಿಂದ?"

"ಮೊದಲ ದಿನದಿಂದ."

ಮಾವ್ಶಿ ತಲೆಯಾಡಿಸಿದಳು. ಸಿಟ್ಟು ಇರಲಿಲ್ಲ ಅವಳಿಗೆ, ಅದನ್ನು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ.

"ನನಗೆ ಹೇಳದೆ ಇದ್ದದ್ದು ಒಳ್ಳೇದಾಯ್ತು ಭಾವ. ಮತ್ತೆ ಇವಳಿಗೆ ಯಾಕೆ ಕಲಿಸಿದ್ರಿ?"